ನಾನಿನ್ನೂ ಲೆಕ್ಕಕ್ಕ ಇಲ್ಲ ಮೇಡಂ

ಎಂ.ಎ. ಅರ್ಥಶಾಸ್ತ್ರದ ಮೊದಲ ವರ್ಷಕ್ಕೆ ‘ಮಾನವ ಅಭಿವೃದ್ಧಿ’ ಎಂಬ ಪತ್ರಿಕೆ ಇದೆ. ಕಾಯಂ ಪ್ರಾಧ್ಯಾಪಕರು ತಮಗೆ ಬೇಕಾದ ಪತ್ರಿಕೆಗಳನ್ನು ಆರಿಸಿಕೊಂಡ ಮೇಲೆ ಉಳಿದದ್ದು ಅತಿಥಿ ಉಪನ್ಯಾಸಕರ ಪಾಲಿಗೆ. ಹಾಗೆ ಉಳಿದು ನನಗೆ ಬಂದದ್ದು ಇದು. ನನಗೀಗ 28 ವರ್ಷ. ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ನೆಟ್ ಪಾಸಾಗಿದೆ, ಜೆ.ಆರ್.ಎಫ್. ಸಿಗಲಿಲ್ಲ. ಹಾಗಾಗಿ ಕಲ್ಯಾಣ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ತಾಸಿನ ಲೆಕ್ಕದ ಪಾಠ.

ನನ್ನ ಆದೇಶ ಪತ್ರದಲ್ಲಿ ಪಾಠದ ಬಗ್ಗೆ ಇದ್ದದ್ದು ಒಂದೇ ಸಾಲು, ಉಳಿದದ್ದೆಲ್ಲ ಷರತ್ತು. ತಾಸಿಗೆ ಇಷ್ಟು ಗೌರವಧನ, ಸೆಮಿಸ್ಟರ್ ಮುಗಿದ ಕೂಡಲೇ ಸೇವೆ ತಾನಾಗಿಯೇ ಕೊನೆ, ಕಾಯಂ ಮಾಡಿ ಎಂದು ಕೇಳುವಂತಿಲ್ಲ. ವಿಭಾಗದ ವೇಳಾಪಟ್ಟಿಯಲ್ಲಿ ಎಲ್ಲರ ಹೆಸರಿನ ಮೊದಲಕ್ಷರಗಳಿದ್ದವು. ನನ್ನ ಚೌಕದಲ್ಲಿ ಮಾತ್ರ ‘ಅ.ಉ.’ ಎಂದಿತ್ತು. ಅತಿಥಿ ಉಪನ್ಯಾಸಕ ಎಂದರ್ಥ. ಮುಂದಿನ ಸಲ ಬೇರೆ ಯಾರೇ ಬಂದರೂ ಅದನ್ನು ತಿದ್ದಬೇಕಾಗಿರಲಿಲ್ಲ.

ಮೊದಲ ದಿನ ಮೆಹಬೂಬ್ ಉಲ್ ಹಕ್ ಅವರಿಂದ ಶುರುಮಾಡಿದೆ. ದೇಶದ ಏಳಿಗೆಯನ್ನು ವರಮಾನ ಒಂದರಿಂದಲೇ ಅಳೆದರೆ ಸಾಲದೆಂದು 1990ರ ಮೊದಲ ಮಾನವ ಅಭಿವೃದ್ಧಿ ವರದಿಯಲ್ಲಿ ಆಯಸ್ಸು, ಓದು, ವರಮಾನ ಮೂರನ್ನೂ ಕೂಡಿಸಿದ ಸೂಚ್ಯಂಕ ಬಂತು. ಬದುಕನ್ನು ಒಂದು ಸಂಖ್ಯೆಗೆ ಇಳಿಸುವುದು ಗೆಳೆಯ ಅಮರ್ತ್ಯ ಸೇನ್ ಅವರಿಗೆ ಮೊದಲು ಒಪ್ಪಿಗೆಯಾಗಿರಲಿಲ್ಲ. ವರಮಾನದ ಸಂಖ್ಯೆಯನ್ನು ಎದುರಿಸಲು ಇನ್ನೊಂದು ಸಂಖ್ಯೆಯೇ ಬೇಕು ಎಂಬುದು ಹಕ್ ವಾದ. ಹೇಳುತ್ತಾ ನಾನು ಉತ್ಸಾಹದಲ್ಲಿದ್ದೆ, ತರಗತಿ ತೂಕಡಿಸುತ್ತಿತ್ತು. ಕರ್ನಾಟಕದ 2005ರ ವರದಿ ತೆಗೆದು, ಆಗಿನ 27 ಜಿಲ್ಲೆಗಳಲ್ಲಿ ಬೆಂಗಳೂರು ನಗರ ಮೊದಲನೆಯದು, ರಾಯಚೂರು 27ನೆಯದು ಎಂದಾಗ ಹಿಂದಿನಿಂದ ಒಬ್ಬ ಹುಡುಗ, “ನಮ್ದು ಅಲ್ಲೂ ಲಾಸ್ಟ್ ಬೆಂಚ್ ಬಿಡ್ರಿ ಮೇಡಂ” ಎಂದ. ಎಲ್ಲರೂ ನಕ್ಕರು. ಅಂದಿನಿಂದ ಪಾಠ ಪಾಠವಾಯಿತು.

ಎರಡನೇ ವಾರ ಒಂದು ಮನೆಗೆಲಸ ಕೊಟ್ಟೆ. ಸೂಚ್ಯಂಕದಲ್ಲಿ ‘ಸರಾಸರಿ ಶಾಲಾ ವರ್ಷಗಳು’ ಎಂದರೆ 25 ವರ್ಷ ಮತ್ತು ಮೇಲ್ಪಟ್ಟವರು ಶಾಲೆ ಕಾಲೇಜಿನಲ್ಲಿ ಕಳೆದ ವರ್ಷಗಳ ಸರಾಸರಿ. 2025ರ ವರದಿಯ ಪ್ರಕಾರ ಭಾರತದ್ದು ಸುಮಾರು 6.9. ನಿಮ್ಮ ನಿಮ್ಮ ಮನೆಯದ್ದು ತೆಗೆದುಕೊಂಡು ಬನ್ನಿ ಎಂದೆ.

ದೇವದುರ್ಗ ತಾಲೂಕಿನ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಬರೆದಳು. ಅಪ್ಪ 4, ಅವ್ವ 0, ಅಜ್ಜಿ 0, ಕಾಕಾ 7, ಕಾಕಿ 0. ಐದು ಮಂದಿಗೆ 11, ಸರಾಸರಿ 2.2.

“ನಿನ್ನದು ಎಲ್ಲಿ?” ಎಂದೆ.

“ನಂಗ 22 ಮೇಡಂ. ನಾನಿನ್ನೂ ಲೆಕ್ಕಕ್ಕ ಇಲ್ಲ.”

ಸರಿಯಾಗಿಯೇ ಹೇಳಿದ್ದಳು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವಳು ಆ ಮನೆಯ ಓದಿನ ಲೆಕ್ಕದಲ್ಲಿರಲಿಲ್ಲ. ಮುಂದಿನದನ್ನು ಅವಳೇ ಮಾಡಿದಳು. ಎಂ.ಎ. ಮುಗಿದರೆ ತನ್ನದು 17. ಮೂರು ವರ್ಷ ಬಿಟ್ಟು ಅದನ್ನು ಸೇರಿಸಿದರೆ ಆರು ಮಂದಿಗೆ 28, ಸರಾಸರಿ 4.7. ಚಾಕ್‌ಪೀಸ್ ಇಟ್ಟು ತಿರುಗುವಾಗ, “ಅಷ್ಟರಾಗ ಲಗ್ನ ಆದ್ರ ಈ ಹದಿನೇಳು ಗಂಡನ ಮನಿ ಲೆಕ್ಕಕ್ಕ ಹೋಗ್ತಾವ” ಎಂದಳು. ಈ ಸಲ ಯಾರೂ ನಗಲಿಲ್ಲ.

ಸೂತ್ರದ ಪಾಠ ಬಂದಾಗ ತಡವರಿಸಿದ್ದು ನಾನು. 2010ಕ್ಕೆ ಮೊದಲು ಮೂರೂ ಅಂಶಗಳನ್ನು ಕೂಡಿಸಿ ಮೂರರಿಂದ ಭಾಗಿಸುತ್ತಿದ್ದರು. ಒಂದರಲ್ಲಿ ಕೊರತೆಯಿದ್ದರೆ ಇನ್ನೊಂದರ ಹೆಚ್ಚಳ ಅದನ್ನು ಮುಚ್ಚಿಬಿಡುತ್ತಿತ್ತು. 2010ರಿಂದ ಮೂರನ್ನೂ ಗುಣಿಸಿ ಘನಮೂಲ ತೆಗೆಯುತ್ತಾರೆ. ಈಗ ಯಾವುದೇ ಒಂದು ತೀರಾ ಕೆಳಗಿದ್ದರೂ ಉಳಿದೆರಡನ್ನು ಜಗ್ಗುತ್ತದೆ. ವಿವರಿಸುತ್ತಿದ್ದಂತೆ ನಮ್ಮ ಮನೆ ನೆನಪಾಯಿತು. ಓದು ಒಂದಿದ್ದರೆ ಉಳಿದದ್ದೆಲ್ಲ ತುಂಬಿಕೊಳ್ಳುತ್ತದೆ ಎಂದು ನಂಬಿ ನನ್ನನ್ನು ಓದಿಸಿದ ಮನೆ ಅದು. ಹಳೆಯ ಸೂತ್ರವನ್ನು ನಾವು ಇನ್ನೂ ಬಿಟ್ಟಿರಲಿಲ್ಲ. ಪಾಠವಿಲ್ಲದ ರಜೆಯ ತಿಂಗಳುಗಳಲ್ಲಿ ನನ್ನ ರೂಮಿನ ಬಾಡಿಗೆ ಈಗಲೂ ಅವ್ವ ಕಳಿಸುತ್ತಾಳೆ.

ಸೆಮಿಸ್ಟರಿನ ಕೊನೆಯ ವಾರ ಆ ಹುಡುಗಿಯ ಅಪ್ಪ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಇರಲಿಲ್ಲ, ಕಾರಿಡಾರಿನಲ್ಲೇ ನಿಂತು ಮಾತಾಡಿದೆವು. ಮಗಳು ನಾಲ್ಕು ಹೆಜ್ಜೆ ದೂರ ನಿಂತಿದ್ದಳು.

“ಒಂದು ಕಡಿ ಗಂಡು ಬಂದದರಿ ಮೇಡಂ. ಇಕಿ ಓದ್ತೀನಿ ಅಂತಾಳ. ಮುಂದ ಓದಿಸಿದ್ರ ನಿಮ್ಮಂಗ ಆಗ್ತಾಳೇನ್ರಿ? ನಿಮಗ ಪಗಾರ ಎಷ್ಟ್ ಬರ್ತದ?”

ಇಂಥ ಪ್ರಶ್ನೆಗೆ ಒಂದು ಸಿದ್ಧ ಉತ್ತರ ನನ್ನ ಬಳಿ ಇತ್ತು, ಊರಲ್ಲಿ ಎಲ್ಲರಿಗೂ ಹೇಳುವಂಥದ್ದು: ಪಿಎಚ್.ಡಿ. ಮುಗಿಯಲಿ, ಕಾಯಂ ಆಗುತ್ತದೆ. ಅದನ್ನು ಹೇಳಿದರೆ ಅವಳಿಗೆ ಒಳ್ಳೆಯದಾಗಬಹುದಿತ್ತು. ಆದರೆ ನಾಳೆ ಅವಳು ನನ್ನ ಜಾಗದಲ್ಲಿ ನಿಂತಾಗ ಆ ಮಾತಿಗೆ ಯಾರು ಹೊಣೆ?

“ತಾಸಿನ ಲೆಕ್ಕರಿ. ರಜಾದಾಗ ಇಲ್ಲ. ಮುಂದಿನ ವರ್ಷ ಇರ್ತೀನೋ ಇಲ್ಲೋ ಗೊತ್ತಿಲ್ಲ,” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ದು ದಿನದ ಲೆಕ್ಕ, ನಿಮ್ದು ತಾಸಿಂದು” ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ.

ಅವಳಿಗೆ ನೌಕರಿ ಸಿಗುತ್ತದೆ ಎಂದು ಹೇಳಲಾರೆ ಎಂದೆ. ಆದರೆ ನನಗೆ 22 ಆಗಿದ್ದಾಗಲೂ ಒಂದು ಸಂಬಂಧ ಬಂದಿತ್ತು, ಬೇಡ ಎನ್ನುವುದಕ್ಕೆ ನನಗೆ ಆಗಿತ್ತು, ಯಾಕೆಂದರೆ ಹೋಗಲು ಬೇರೆ ಒಂದು ಜಾಗ ಇತ್ತು ಎಂದೆ. ಸೇನ್ ‘ಸಾಮರ್ಥ್ಯ’ ಎನ್ನುವುದನ್ನು ಇಡೀ ಸೆಮಿಸ್ಟರ್ ಕಲಿಸಿದ್ದೆ. ತನಗೆ ಬೆಲೆಯುಳ್ಳದ್ದೆಂದು ತೋರಿದ ಬದುಕನ್ನು ಆಯ್ದುಕೊಳ್ಳಲು ಒಬ್ಬರಿಗೆ ನಿಜವಾಗಿ ಎಷ್ಟು ದಾರಿಗಳಿವೆ ಎಂಬುದು ಅದು. ಅದನ್ನು ಪುಸ್ತಕದ ಭಾಷೆ ಬಿಟ್ಟು ಹೇಳಿದ್ದು ಅಂದೇ ಮೊದಲು. ಅವರು ತಲೆಯಾಡಿಸಿ, ಮಗಳನ್ನು ಕರೆದುಕೊಂಡು ಬಸ್ಸಿಗೆ ಹೊರಟರು. ಅವರಿಗೆ ಏನು ಅನ್ನಿಸಿತೋ ತಿಳಿಯಲಿಲ್ಲ. ನಿಜ ಹೇಳಿ ಅವಳ ದಾರಿಯನ್ನೇ ಮುಚ್ಚಿಬಿಟ್ಟೆನೇನೋ ಎಂದು ಆ ರಜೆಯಿಡೀ ಕೊರೆಯಿತು.

ಹೊಸ ಸೆಮಿಸ್ಟರ್ ಶುರುವಾಗಿ ಮೂರು ವಾರವಾಯಿತು. ನನ್ನ ಆದೇಶ ಇನ್ನೂ ಬಂದಿಲ್ಲ. ಬರುತ್ತದೆ, ಪಾಠ ನಡೆಸುತ್ತಿರಿ ಎಂದಿದ್ದಾರೆ. ಆದೇಶದ ತಾರೀಖಿಗಿಂತ ಮುಂಚಿನ ತಾಸುಗಳಿಗೆ ಬಿಲ್ ಆಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮೊದಲ ದಿನ ಹಾಜರಿ ಕರೆಯುವಾಗ ಅವಳ ಹೆಸರು ಬರುವ ಮೊದಲೇ ಕಣ್ಣು ಎತ್ತಿ ನೋಡಿದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

“ಪ್ರೆಸೆಂಟ್ ಮೇಡಂ” ಎಂದಳು.