ಭದ್ರೆ ಬರುವ ಹಾದಿ

ನನ್ನೂರು ನರಸಿಂಹರಾಜಪುರದ ಹತ್ತಿರದ ಕಡಹಿನಬೈಲು. ಮಳೆಗಾಲದಲ್ಲಿ ಕೊಡೆ ಇಲ್ಲದೆ ಕೊಟ್ಟಿಗೆಗೂ ಹೋಗಲಾಗದ ಊರು. ಕಳೆದ ಆಗಸ್ಟ್‌ನಲ್ಲಿ ಚಳ್ಳಕೆರೆಯ ಗೆಳೆಯರೊಬ್ಬರು ಕರೆದರೆಂದು ಮೊಮ್ಮಗಳ ಜೊತೆ ಹೊರಟೆ.

ತರೀಕೆರೆ, ಹೊಸದುರ್ಗ ದಾಟುವಷ್ಟರಲ್ಲಿ ಕಾಡು ಮರೆಯಾಗಿ ಬೋಳು ಗುಡ್ಡ, ಜಾಲಿಮರ, ಕುರಿಹಿಂಡು ಕಾಣತೊಡಗಿದವು. "ಅಜ್ಜ, ಇದು ಮರಳುಗಾಡಾ?" ಎಂದಳು ಮೊಮ್ಮಗಳು. ಮರಳುಗಾಡಲ್ಲ ಮಗಳೇ, ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆ ಎಂದೆ.

ದಾರಿಯಲ್ಲಿ ವಾಣಿವಿಲಾಸ ಸಾಗರ ನೋಡಿದೆವು. ವೇದಾವತಿ ನದಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು! ಮೊಮ್ಮಗಳು ಬೆರಳೆಣಿಸಿ, "89 ವರ್ಷ!" ಎಂದು ಕಣ್ಣರಳಿಸಿದಳು. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ಭದ್ರೆಯ ನೀರನ್ನೂ ಮೇಲೆತ್ತಿ ಇಲ್ಲಿಗೆ ಹರಿಸುತ್ತಾರೆ.

ಗೆಳೆಯರ ಹೊಲದಲ್ಲಿ ಶೇಂಗಾ ಬಾಡಿ ನಿಂತಿತ್ತು. ಕೆಲವು ಸಾಲು ಶೇಂಗಾ ಆದಮೇಲೆ ಒಂದು ಸಾಲು ತೊಗರಿ, ಅಲ್ಲಲ್ಲಿ ಸಜ್ಜೆ. "ಇದಕ್ಕೆ ಅಕ್ಕಡಿ ಸಾಲು ಅಂತೀವಿ. ಶೇಂಗಾ ಕೈಕೊಟ್ರೆ ತೊಗರಿ ಇರ್ತದೆ. ಅದೂ ಹೋದ್ರೆ ಸಜ್ಜೆ. ಕಾಳಾಗದಿದ್ರೂ ದನಕ್ಕೆ ಮೇವಾಗ್ತದೆ. ನಮ್ಮ ತಾತನ ಕಾಲದಿಂದ ಹಿಂಗೇ" ಎಂದರು. ಬಿತ್ತುವಾಗಲೇ ಬರವನ್ನೂ ಲೆಕ್ಕಕ್ಕೆ ಹಿಡಿಯುವ ಜನ!

"ಭದ್ರೆ ನಮ್ಮ ಕಡೆಗೂ ಬರ್ತಾಳಂತೆ" ಎಂದು ಅವರು ಆಸೆಯಿಂದ ಹೇಳಿದರು. ನಾನು ಸುಮ್ಮನಾದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದಾಗ ನನ್ನ ಅಮ್ಮನ ತವರಿನ ಗದ್ದೆಗಳು ಹಿನ್ನೀರಿನಲ್ಲಿ ಮುಳುಗಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗೆಲ್ಲ ದಡದಲ್ಲಿ ನಿಂತು, "ಅಲ್ಲೇ ಕಣೋ ನಮ್ಮ ಕಣ" ಎಂದು ಅಮ್ಮ ಕೈ ತೋರಿಸುತ್ತಿದ್ದರು. ಆ ನೀರು ಯಾರ ಹೊಲಕ್ಕೆ ಹೋಗುತ್ತದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಗೆಳೆಯರಿಗೆ ಈ ಕಥೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳ ತಲೆ ಸವರಿ, "ನೀರು ಬಂದ ದಿನ ನೀನು ಬರ್ಬೇಕವ್ವ. ಮೊದಲ ಮಡೆ ನೀನೇ ತಿರುಗಿಸ್ಬೇಕು" ಎಂದರು.

ಊರಿಗೆ ಮರಳಿದಾಗ ಮಳೆ ಹೊಯ್ಯುತ್ತಿತ್ತು. ಮೊಮ್ಮಗಳು ಜಗಲಿಯಲ್ಲಿ ಕುಳಿತು ಕೇಳಿದಳು: "ಅಜ್ಜ, ಈ ನೀರು ಅವರ ಹೊಲ ಮುಟ್ಟೋಕೆ ಇನ್ನೆಷ್ಟು ದಿನ ಬೇಕು?"