ಕತ್ತಲಾಗುವ ಮುನ್ನ ಮನೆ ಸೇರಬೇಕಾದವಳು

ನಾವು ಓದಿ ಬೆಳೆದ ಕಾಮಿಕ್ಸ್ ವೀರರಿಗೆ ಮನೆಯವರ ಕಾಟವೇ ಇರಲಿಲ್ಲ. ಬ್ಯಾಟ್‌ಮನ್‌ಗೆ ಅಪ್ಪ ಅಮ್ಮ ಇಲ್ಲ. ಫ್ಯಾಂಟಮ್‌ಗೆ ಕಾಡೇ ಮನೆ. ಹೆಂಡದಂಗಡಿಗೆ ಹೋಗಿಯೂ ಹಾಲು ಕೇಳಿ ಕುಡಿಯುತ್ತಿದ್ದ ಆ ಮಹಾನುಭಾವನನ್ನು ‘ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?’ ಎಂದು ಗದರಿದವರನ್ನು ನಾನಂತೂ ಕಂಡಿಲ್ಲ. ಕಮಲಾ ಖಾನ್‌ಗೆ ಆ ಸುಖವಿಲ್ಲ. ಅಪ್ಪ ಕೇಳುತ್ತಾರೆ, ಅಮ್ಮ ಕೇಳುತ್ತಾರೆ, ಮೇಲಿಂದ ಮಹಾ ಧರ್ಮನಿಷ್ಠ ಅಣ್ಣನೊಬ್ಬ. ಅವಳು ನನಗೆ ಹಿಡಿಸಿದ್ದೇ ಇದಕ್ಕೆ.

ಕಮಲಾ ಹದಿನಾರರ ಹುಡುಗಿ. ಪಾಕಿಸ್ತಾನದಿಂದ ಬಂದು ಅಮೆರಿಕದ ಜೆರ್ಸಿ ಸಿಟಿಯಲ್ಲಿ ನೆಲೆಸಿದ ಸಂಸಾರ. ಮಾರ್ವೆಲ್‌ನಲ್ಲಿ ಸಂಪಾದಕಿಯಾಗಿದ್ದ ಸನಾ ಅಮಾನತ್ ತಮ್ಮ ಬಾಲ್ಯದ ಕಥೆಗಳನ್ನು ಸಹೋದ್ಯೋಗಿಯೊಬ್ಬರಿಗೆ ಹೇಳಿ ನಗಿಸುತ್ತಿದ್ದಾಗ ಹುಟ್ಟಿದವಳಂತೆ. 2014ರಲ್ಲಿ ಜಿ. ವಿಲ್ಲೋ ವಿಲ್ಸನ್ ಬರೆದು ಏಡ್ರಿಯನ್ ಆಲ್ಫೋನಾ ಚಿತ್ರ ಬಿಡಿಸಿದ ಅವಳ ಕಾಮಿಕ್ಸ್ ‘ಮಿಸ್ ಮಾರ್ವೆಲ್’ ಶುರುವಾಯಿತು; ಮರುವರ್ಷ ಅದರ ಮೊದಲ ಸಂಪುಟಕ್ಕೆ ಹ್ಯೂಗೋ ಪ್ರಶಸ್ತಿ.

ಪಾರ್ಟಿಗೆ ಹೋಗಬೇಡ ಎಂದರೆ ಕಿಟಕಿ ಹಾರಿ ಹೋಗುವಷ್ಟು ಹಟ ಅವಳಿಗಿದೆ. ದಾರಿಯಲ್ಲಿ ವಿಚಿತ್ರ ಮಂಜು ಕವಿಯುತ್ತದೆ, ಆ ಮಂಜಿನೊಳಗೆ ಅವಳ ಆರಾಧ್ಯದೈವ ಕ್ಯಾಪ್ಟನ್ ಮಾರ್ವೆಲ್ ಪ್ರತ್ಯಕ್ಷಳಾಗುತ್ತಾಳೆ. ಏನು ಹೇಳುತ್ತಾ ಬರುತ್ತಾಳೆ ಗೊತ್ತೇ? ಅಮೀರ್ ಖುಸ್ರೋನ ವಸಂತಗೀತೆ! ಹೊಂಬಣ್ಣದ ಕೂದಲಿನ ಅಮೆರಿಕನ್ ವೀರಾಂಗನೆಯ ಬಾಯಲ್ಲಿ ದಿಲ್ಲಿಯ ಸೂಫಿ ಕವಿ. ಆ ಪುಟದಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ. ನಿನಗೇನು ಬೇಕು ಎಂದು ಕೇಳಿದರೆ ಹುಡುಗಿ, ನಿನ್ನ ಹಾಗೆಯೇ ಆಗಬೇಕು ಎನ್ನುತ್ತಾಳೆ. ವರ ಸಿಗುತ್ತದೆ. ಅದೇ ಬಿಳಿ ಮೈ, ಅದೇ ಕೂದಲು, ಅದೇ ಬಿಗಿಯಾದ ತುಂಡು ಉಡುಪು. ಪುರಾಣದ ವರಗಳಂತೆ ಇದರ ಬೆನ್ನಿಗೂ ಫಜೀತಿ ಇದೆ. ಬೂಟು ಕಚ್ಚುತ್ತದೆ, ಕೂದಲು ಕಣ್ಣಿಗೆ ಬೀಳುತ್ತದೆ, ಉಡುಪು ಸೇರಬಾರದಲ್ಲಿ ಸೇರಿಕೊಳ್ಳುತ್ತದೆ. ಎಷ್ಟೋ ದಶಕ ಗಂಡಸರು ಬರೆದ ವೀರಾಂಗನೆಯರು ಆ ಬಟ್ಟೆಯಲ್ಲೇ ಲೋಕ ಕಾಪಾಡಿದರು, ಒಬ್ಬಳಾದರೂ ಹೀಗೆ ಗೊಣಗಿದ್ದು ನನಗೆ ನೆನಪಿಲ್ಲ. ಕೊನೆಗೆ ಕಮಲಾ ತನ್ನ ಬುರ್ಕಿನಿಯನ್ನೇ, ಅಂದರೆ ಮೈತುಂಬ ಮುಚ್ಚುವ ಈಜುಡುಗೆಯನ್ನೇ, ಕತ್ತರಿಸಿ ಹೊಲಿದು ತನಗೊಂದು ವೇಷ ಮಾಡಿಕೊಳ್ಳುತ್ತಾಳೆ.

ಅವಳ ಶಕ್ತಿಯೂ ಅಷ್ಟೇನೂ ಲಕ್ಷಣವಾದದ್ದಲ್ಲ. ಮೈ ಹಿಗ್ಗುತ್ತದೆ, ಕುಗ್ಗುತ್ತದೆ. ಮುಷ್ಟಿ ಕುಂಬಳಕಾಯಿಯಂತೆ ಊದಿಕೊಳ್ಳುತ್ತದೆ. ತನ್ನನ್ನು ಸದಾ ಚುಚ್ಚುತ್ತಿದ್ದ ಸಹಪಾಠಿ ಜೋಯಿ ನೀರಿಗೆ ಬಿದ್ದಾಗ ಆ ದೊಡ್ಡ ಕೈಯಿಂದಲೇ ಎತ್ತಿ ದಡಕ್ಕೆ ಹಾಕುತ್ತಾಳೆ. ಗಾಯ ತಾನಾಗಿ ಮಾಯುತ್ತದೆ, ಆದರೆ ಮಾಯ್ದ ಮೇಲೆ ವಿಪರೀತ ಹಸಿವು. ತಿನ್ನುವುದನ್ನು ನೋಡಬೇಕು! ಹೊಟ್ಟೆ ಇರುವ ಸೂಪರ್ ಹೀರೋ ಎಂದರೆ ನನಗೆ ಅರ್ಧ ನಂಬಿಕೆ ಬಂದಂತೆಯೇ.

ಮಗಳ ದಾರಿ ತಪ್ಪಿತೆಂದು ಅಪ್ಪ ಅಮ್ಮ ಅವಳನ್ನು ಮಸೀದಿಯ ಶೇಖ್ ಅಬ್ದುಲ್ಲಾರ ಬಳಿ ಕಳಿಸುತ್ತಾರೆ. ಬೈಗುಳಕ್ಕೆ ಸಿದ್ಧಳಾಗಿ ಹೋದವಳಿಗೆ, ಮಾಡುವುದನ್ನು ಧೈರ್ಯದಿಂದ, ಪ್ರಾಮಾಣಿಕವಾಗಿ ಮಾಡು, ಒಬ್ಬ ಗುರುವನ್ನು ಹುಡುಕಿಕೋ ಎಂಬ ಬುದ್ಧಿಮಾತು ಸಿಗುತ್ತದೆ. ಗುರು ಸಿಗುವುದು ಚರಂಡಿಯಲ್ಲಿ, ಹಳೆಯ ಸೂಪರ್ ಹೀರೋ ವುಲ್ವರೀನ್‌ನ ರೂಪದಲ್ಲಿ. ಅವನನ್ನು ಕಂಡದ್ದೇ, ನಿಮ್ಮ ಮೇಲೆ ನಾನು ಕಥೆ ಬರೆದಿದ್ದೇನೆ ಎಂದು ಹುಡುಗಿ ಉಬ್ಬಿಹೋಗುತ್ತಾಳೆ. ಅಭಿಮಾನಿಯೊಬ್ಬಳೇ ವೀರಳಾದರೆ ಹೀಗೆಯೇ. ಓದುಗರ ಸಾಲಿನಿಂದಲೇ ಎದ್ದುಹೋದಂತಿದ್ದಾಳೆ.

ಇವಳ ಕಥೆಯ 2022ರ ಟೀವಿ ಸರಣಿಯಲ್ಲಿ ಕೈ ಊದುವುದನ್ನು ಬಿಟ್ಟು ಹೊಳೆಯುವ ಬೆಳಕಿನ ಹರಳುಗಳನ್ನು ತಂದರು. ಚೆಂದವೇನೋ ಚೆಂದ, ನಗು ಮಾತ್ರ ಹೋಯಿತು. ಇಮಾನ್ ವೆಲ್ಲಾನಿ ಎಂಬ ಹುಡುಗಿ ಕಮಲಾಳಾಗಿ ಎಷ್ಟು ಲವಲವಿಕೆಯಿಂದ ಆಡಿದರೂ ನನ್ನ ಆ ದೂರು ಹಾಗೇ ಇದೆ. ಆದರೆ ಅದರಲ್ಲಿ ಒಂದು ಕೆಲಸ ಒಪ್ಪುವಂತೆ ಮಾಡಿದ್ದಾರೆ: ಹೊರಗೆ ಹೋಗಬೇಡ ಎಂದು ಗದರುತ್ತಿದ್ದ ಅಮ್ಮ ಮುನೀಬಾಳೇ ಕೊನೆಗೆ ಮಗಳ ವೇಷವನ್ನು ಕೈಗಿಡುತ್ತಾಳೆ.