ಊಟದ ಹೊತ್ತಿಗೆ ಮುಗಿಯುವ ಪ್ರವಾಸ

ಪ್ರವಾಸ ಎಂದರೆ ಸೂಟ್‌ಕೇಸು, ರೈಲು ಟಿಕೆಟ್ಟು, ಬಾಗಿಲಿಗೆ ಬೀಗ, ಹಾಲಿನವನಿಗೆ ‘ನಾಲ್ಕು ದಿನ ಬೇಡ’ ಎಂದು ಹೇಳುವುದು. ಬಹಳ ಜನ ತಿಳಿದಿರುವುದು ಹೀಗೆಯೇ. ಬೆಳಗ್ಗೆ ಹತ್ತಕ್ಕೆ ಹೊರಟು, ಮಧ್ಯಾಹ್ನದ ಸಾರು ಬಿಸಿ ಮಾಡುವ ಹೊತ್ತಿಗೆ ಮನೆ ಸೇರುವ ಪ್ರವಾಸವೂ ಒಂದಿದೆ. ಅಜ್ಜ ಅಜ್ಜಿಯರಿಗೂ ಅವರ ಮೊಮ್ಮಕ್ಕಳಿಗೂ ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಮನೆ ಇರುವುದು ಬನಶಂಕರಿ ಎರಡನೇ ಹಂತದಲ್ಲಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಎಪ್ಪತ್ತು ದಾಟಿದೆ. ನನಗೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಅಕ್ಕಪಕ್ಕದ ನೋಟ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಹಾಗಾಗಿ ಗೊತ್ತಾಗುವುದೂ ತಡ. ಹೋದ ನೋಟ ಮರಳಿ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನವೂ ಔಷಧಿಯ ಹನಿ ಹಾಕಿಕೊಳ್ಳಬೇಕು. ನನ್ನಾಕೆಗೆ ಮಂಡಿ ನೋವು. ಶಾಲೆಯಲ್ಲಿ ಓದಿದ ಕುರುಡ-ಕುಂಟರ ಕಥೆ ಗೊತ್ತಲ್ಲ? “ಅದು ನಮ್ಮದೇ ಕಥೆ ಕಣ್ರೀ” ಎಂದು ಅವಳೇ ನಗುತ್ತಾಳೆ. ನನ್ನ ಎಡಗಣ್ಣಿನ ನೋಟ ಹೆಚ್ಚು ಕಡಿಮೆಯಾಗಿರುವುದರಿಂದ ಅವಳು ಎಡಕ್ಕೇ ನಡೆಯುತ್ತಾಳೆ. ನನ್ನ ಮೊಣಕೈ ಹಿಡಿದರೆ ಅವಳಿಗೆ ಊರುಗೋಲು. “ಪಕ್ಕದಲ್ಲಿ ಸ್ಕೂಟರ್ ಬಂತು ನೋಡಿ” ಎಂದು ಅವಳು ಹೇಳಿದರೆ ನನಗೆ ಕಣ್ಣು.

ಬದರಿ, ಕೇದಾರ ಎಂದು ಬರೆದಿಟ್ಟಿದ್ದ ಪಟ್ಟಿಯನ್ನು ಮಡಿಸಿ ಬೀರುವಿನಲ್ಲಿಟ್ಟೆವು. ನೋಟ ಇರುವಷ್ಟು ದಿನ ನೋಡಬೇಕು, ಕಾಲು ಕೇಳುವಷ್ಟು ದಿನ ನಡೆಯಬೇಕು ಎಂದು ತೀರ್ಮಾನಿಸಿ, ಗೆರೆಯಿಲ್ಲದ ನೂರು ಪುಟದ ಒಂದು ಪುಸ್ತಕ ಕೊಂಡೆವು. ಎಡಪುಟ ಅವಳದು, ಅಲ್ಲಿ ಚಿತ್ರ. ಬಲಪುಟ ನನ್ನದು, ಅಲ್ಲಿ ದಿನಾಂಕ, ಹೋದ ದಾರಿ, ಖರ್ಚು, ಮತ್ತೆ ನಾಲ್ಕು ಸಾಲು. ಅವಳು ಚಿತ್ರಕಲೆ ಕಲಿತವಳಲ್ಲ, ಐವತ್ತು ವರ್ಷ ಬಾಗಿಲಲ್ಲಿ ರಂಗೋಲಿ ಹಾಕಿದವಳು. ಈಗಲೂ ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆಯುತ್ತಾಳೆ. ಮರವಾಗಲಿ ಮಂಟಪವಾಗಲಿ, ಚುಕ್ಕಿಯಿಂದಲೇ ಏಳಬೇಕು.

ಸಿಟಿ ಬಸ್ಸಿನಲ್ಲಿ ಹೋದರೆ ಖರ್ಚಿನ ಲೆಕ್ಕ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅವಳದು ಸೊನ್ನೆ ರೂಪಾಯಿ ಟಿಕೆಟ್ಟು. ನಾನು ದುಡ್ಡು ಕೊಡುವಾಗ ಅವಳು ಕಿಟಕಿಯ ಕಡೆ ತಿರುಗಿ ನಗುತ್ತಾಳೆ. ಮೆಟ್ರೋದಲ್ಲಿ ಇಬ್ಬರಿಗೂ ಟಿಕೆಟ್ಟು ಬೇಕು, ಆದರೆ ಲಿಫ್ಟ್ ಇರುವುದರಿಂದ ಮಂಡಿಗೆ ಉಳಿತಾಯ. ನಮ್ಮ ಬನಶಂಕರಿಯ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಶುರುವಾಯಿತು. ಇಲ್ಲಿ ರೈಲು ಕಂಬಗಳ ಮೇಲೆ ಓಡುವುದರಿಂದ ಮರಗಳ ನೆತ್ತಿ ಕಾಣುತ್ತದೆ. ಗುಲ್‌ಮೊಹರ್ ಹೂ ಬಿಡುವ ಕಾಲದಲ್ಲಿ ಅವಳಿಗೆ ಕೆಂಪು ಪೆನ್ಸಿಲ್ ಎಷ್ಟಿದ್ದರೂ ಸಾಲದು.

ಹಸಿರು ಮಾರ್ಗದಲ್ಲೇ ಲಾಲ್‌ಬಾಗ್ ಸಿಗುತ್ತದೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಎಂದು ಎಲ್ಲರಿಗೂ ಗೊತ್ತು. ಅಲ್ಲಿರುವ ಬಂಡೆಯ ವಯಸ್ಸು ಮಾತ್ರ ಸುಮಾರು 300 ಕೋಟಿ ವರ್ಷ! ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. “ಡೈನೋಸಾರ್‌ಗಿಂತ ಹಳೆಯದಾ ಅಜ್ಜಿ?” ಎಂದು ಮೊಮ್ಮಗ ಕೇಳಿದ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅವು ಬರುವ ಹೊತ್ತಿಗೇ ಈ ಬಂಡೆ ಮುತ್ತಜ್ಜನಾಗಿತ್ತು. ಮೇಲಿರುವ ಕೆಂಪೇಗೌಡ ಗೋಪುರವನ್ನು ಹತ್ತಿರದಿಂದಲೇ ಬರೆಯಬೇಕೆಂದು ಅವಳ ಹಟ. ಐದು ಕಡೆ ಕೂತು, ಎದ್ದು, ಅರ್ಧ ಗಂಟೆಯಲ್ಲಿ ಹತ್ತಿದೆವು. ಕೂತಲ್ಲೆಲ್ಲ ಕಲ್ಲನ್ನೇ ನೋಡಿದಳು. ಕಪ್ಪು, ಬಿಳಿ ಪಟ್ಟೆಗಳು ಒಂದರೊಳಗೊಂದು ಸೇರಿದ್ದವು. “ರಾಗಿ ಮುದ್ದೆಯಲ್ಲಿ ಅನ್ನದ ಅಗುಳು ಸೇರಿದ ಹಾಗಿದೆ” ಎಂದಳು. ಗೋಪುರ ಬಿಟ್ಟು ಆ ಪಟ್ಟೆಗಳನ್ನೇ ಬರೆದಳು. ಪುಸ್ತಕದಲ್ಲಿ ಅದೇ ಒಳ್ಳೆಯ ಚಿತ್ರ.

ಊರಿನ ಹೆಸರುಗಳನ್ನು ಬಿಡಿಸಿ ನೋಡುವುದು ನನ್ನ ಬಲಪುಟದ ಆಟ. ಜಯನಗರಕ್ಕೆ ಜಯಚಾಮರಾಜ ಒಡೆಯರ ಹೆಸರು, ಜೆ.ಪಿ. ನಗರಕ್ಕೆ ಜಯಪ್ರಕಾಶ ನಾರಾಯಣರ ಹೆಸರು. ಬಿಟಿಎಂ? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ಎಷ್ಟೋ ಜನ ಆ ಬಡಾವಣೆಯಲ್ಲೇ ಇದ್ದರೂ ಇದನ್ನು ಕೇಳಿ ಬೆರಗಾಗುತ್ತಾರೆ. ರಾಗಿಗುಡ್ಡದ ಹೆಸರಿಗಂತೂ ಒಂದು ಕಥೆಯೇ ಇದೆ: ರಾಗಿಯ ರಾಶಿ ಕಲ್ಲಾಗಿ ಗುಡ್ಡವಾಯಿತಂತೆ. ಈಗ ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಬಂದಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆ ಬಿಟ್ಟರೆ ಮುಂದಿನದೇ ರಾಗಿಗುಡ್ಡ. ಅಲ್ಲಿಂದ ಸಿಲ್ಕ್ ಬೋರ್ಡ್ ಕಡೆಗೆ ಕೆಳಗೊಂದು ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ರೈಲು. ಮಕ್ಕಳೇ, ಮೂರು ಅಂತಸ್ತಿನ ಈ ದಾರಿಯನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ನೋಡಿ.

ಹಳದಿ ಮಾರ್ಗದಲ್ಲಿ ಬಿಟಿಎಂವರೆಗೆ ಹೋಗಿ, ಆಟೋ ಹಿಡಿದು ಮಡಿವಾಳ ಕೆರೆಗೆ ಹೋಗಿದ್ದೆವು. ನಾನು ನೇರ ನೀರನ್ನೇ ನೋಡುತ್ತಿದ್ದೆ. “ಹೆಜ್ಜಾರ್ಲೆ, ಹೆಜ್ಜಾರ್ಲೆ!” ಎಂದು ಅವಳು ಪಿಸುಗುಟ್ಟಿದಳು. “ಎಲ್ಲಿ?” ಎಂದೆ. ಹಕ್ಕಿ ನನಗೆ ಕಾಣದ ಮಗ್ಗುಲಲ್ಲಿತ್ತು. ಅವಳು ಎರಡೂ ಕೈಯಿಂದ ನನ್ನ ಮುಖ ಹಿಡಿದು ನಿಧಾನವಾಗಿ ಎಡಕ್ಕೆ ತಿರುಗಿಸಿದಳು. ಆಗ ಕಂಡಿತು: ಉದ್ದನೆ ಕೊಕ್ಕು, ಅದರ ಕೆಳಗೆ ತರಕಾರಿ ಚೀಲದಂಥ ಚೀಲ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ನಮ್ಮನ್ನು ನೋಡಿ ನಕ್ಕರು. ನಗಲಿ ಬಿಡಿ. ಮನೆಯ ಟೀವಿಯ ಮುಂದೆ ಕೂತಿದ್ದರೆ ಯಾರೂ ಯಾರ ಮುಖವನ್ನೂ ತಿರುಗಿಸಬೇಕಾಗಿರಲಿಲ್ಲ.

ತಿಂಗಳಿಗೊಮ್ಮೆ ಊಟದ ನಿಯಮ ಮುರಿದು, ಸಂಜೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುತ್ತೇವೆ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ಈ ರಂಗಮಂದಿರದ ಬಾಗಿಲು ತೆರೆದದ್ದು 2004ರಲ್ಲಿ. ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಕ್ಯಾಷ್ ಕೌಂಟರಿನ ಶಿಸ್ತಿನಲ್ಲಿ ಬೆಳೆದ ನನಗೆ ಅದು ಬಹಳ ಇಷ್ಟ. ಕತ್ತಲಲ್ಲಿ ನನಗೆ ಮೆಟ್ಟಿಲು ತಿಳಿಯದು. ಅವಳಿಗೆ ಮೆಟ್ಟಿಲು ತಿಳಿದರೂ ಇಳಿಯಲಾಗದು. ಕೈ ಕೈ ಹಿಡಿದು ಸರಿಯಾದ ಸೀಟಿಗೆ ಬಂದು ಕೂತರೆ ಅರ್ಧ ನಾಟಕ ನಮ್ಮದೇ ಆಗಿರುತ್ತದೆ! ಅಂದಿನ ಚಿತ್ರವನ್ನು ಅವಳು ಮರುದಿನ ನೆನಪಿನಿಂದ ಬರೆಯುತ್ತಾಳೆ. ರಾಜನ ಪೇಟದ ಬಣ್ಣದ ಬಗ್ಗೆ ನಮ್ಮಿಬ್ಬರಿಗೂ ವಾದವಾಗುತ್ತದೆ.

ಮೊದಲ ಪುಸ್ತಕ ತುಂಬಿದೆ. ರಜೆಯಲ್ಲಿ ಬಂದ ಮೊಮ್ಮಗ ಅದನ್ನು ಎರಡು ಸಲ ಓದಿ, ಕೆಲವು ಚಿತ್ರಗಳಿಗೆ ಬಣ್ಣ ಹಚ್ಚಿದ. ಲಾಲ್‌ಬಾಗ್ ಬಂಡೆಯ ಮೇಲೆ ಒಂದು ಪುಟ್ಟ ಡೈನೋಸಾರನ್ನೂ ಕೂರಿಸಿದ್ದಾನೆ. ಇರಲಿ ಎಂದು ಬಿಟ್ಟಿದ್ದೇವೆ.

ನಲವತ್ತು ದಾಟಿದವರು ಒಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ, ನೋವಿಲ್ಲವೆಂದು ಸುಮ್ಮನಿರಬೇಡಿ. ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯನ್ನು ಹೊರಡಿಸಿ. ಒಂದು ಪುಸ್ತಕ, ಒಂದು ಪೆನ್ಸಿಲ್, ನೀರಿನ ಬಾಟಲಿ ಸಾಕು. ನಿಮ್ಮ ಬಡಾವಣೆಯ ಹಳೆಯ ಹೆಸರೇನು, ಅಲ್ಲಿ ಕೆರೆ ಎಲ್ಲಿತ್ತು ಎಂದು ಅವರನ್ನೇ ಕೇಳಿ. ಅವರು ನಿಧಾನವಾಗಿ ನಡೆದರೆ ನೀವೂ ನಿಧಾನಿಸಿ. ನಿಧಾನಿಸಿದವರಿಗೆ ಹೆಚ್ಚು ಕಾಣುತ್ತದೆ. ವಾಪಸು ಬರುವಾಗ ಹತ್ತಿರದ ದರ್ಶಿನಿಯಲ್ಲಿ ಅವರಿಬ್ಬರಿಗೆ ಒಂದು ಬೈಟೂ ಕಾಫಿ ಹೇಳಿ, ಅದನ್ನೂ ಬಲಪುಟದ ಖರ್ಚಿಗೆ ಬರೆಯಿರಿ.